ತಪ್ಪು ನಂದ್ರಿ ಎನ್ನುತ್ತಿದ್ದ ಕಂಟ್ರೋಲರ್ ಮಾಳಪ್ಪ

ಬಾಗಲಕೋಟೆಯ ಹಳೇ ಬಸ್ ಸ್ಟ್ಯಾಂಡಿನಲ್ಲಿ ಮೈಕು ಕೆಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಂಟ್ರೋಲರ್ ಮಾಳಪ್ಪನವರು ತಮ್ಮ ಖೋಲಿಯ ಬಾಗಿಲಲ್ಲಿ ನಿಂತು, ಎಡಗೈಯಿಂದ ಎಡಗಿವಿ ಮುಚ್ಚಿಕೊಂಡು, “ಹುನಗುಂದ, ಇಳಕಲ್ಲ, ಹತ್ರೆಪ್ಪೋ” ಎಂದು ಒಮ್ಮೆ ಕೂಗಿದರೆ, ಹೊರಗೆ ಹೋಟೆಲಿನಲ್ಲಿ ಬಶಿಗೆ ಸುರಿದುಕೊಂಡಿದ್ದ ಚಹಾವನ್ನು ಅರ್ಧಕ್ಕೇ ಬಿಟ್ಟು ಜನ ಓಡಿ ಬರುತ್ತಿದ್ದರು. ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು. ಅದಕ್ಕೆ ಕಟ್ಟಿದ ದಾರ ಇಳಕಲ್ಲ ಸೀರೆಯ ಹಳೆಯ ದಡಿಯನ್ನು ಸಣ್ಣಗೆ ಹರಿದು ಹೆಣೆದದ್ದು. ಆ ಸೀಟಿಯನ್ನು ಅವರು ಊದಿದ್ದನ್ನು ನಾನು ಕಂಡಿಲ್ಲ. ಅವರ ಗಂಟಲಿದ್ದ ಮೇಲೆ ಅದರ ಕೆಲಸವೂ ಇರಲಿಲ್ಲ.

ಅವರನ್ನು ನಾನು ಮೊದಲು ನೋಡಿದ್ದು ಎಪ್ಪತ್ತರ ದಶಕದ ನಡುವೆ, ಮದುವೆಯಾದ ಹೊಸದರಲ್ಲಿ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು; ಬಾಗಲಕೋಟೆಯ ಬಿಸಿಲೂ ಮಾತೂ ನನಗಿನ್ನೂ ಹೊಸವು. ಬನಶಂಕರಿಗೆ ಹೊರಟು ಬಾದಾಮಿ ಬಸ್ಸಿಗಾಗಿ ಕಾಯುತ್ತಿದ್ದೆವು. ಬಸ್ಸು ಗುಳೇದಗುಡ್ಡದ ಹತ್ತಿರ ಪಂಕ್ಚರ್ ಆಗಿ ನಿಂತಿದೆಯೆಂದು ಆಮೇಲೆ ತಿಳಿಯಿತು. ದೊಡ್ಡ ರುಮಾಲಿನ ಗೌಡರೊಬ್ಬರು ಕೋಲು ಎತ್ತಿಕೊಂಡು ಕಂಟ್ರೋಲರ ಖೋಲಿಗೆ ನುಗ್ಗಿದರು. ನಾನು ನನ್ನ ಯಜಮಾನರ ತೋಳು ಹಿಡಿದುಕೊಂಡೆ. ಒಳಗಿನಿಂದ ಆ ಘಂಟೆಯಂಥ ದನಿ ಇಷ್ಟೇ ಇಷ್ಟಾಗಿ ಕೇಳಿಸಿತು: “ತಪ್ಪು ನಂದ್ರಿ ಗೌಡ್ರ. ಕುಂದರ್ರಿ.” ಸ್ವಲ್ಪ ಹೊತ್ತಿಗೆ ಗೌಡರು ಆ ಖೋಲಿಯ ಬೆಂಚಿನ ಮೇಲೆ ಕುಳಿತು, ಕೋಲನ್ನು ಗೋಡೆಗೆ ಒರಗಿಸಿ, ಚಹಾ ಕುಡಿಯುತ್ತ ತಮ್ಮ ಮಗಳ ಬಾಣಂತನದ ಕಥೆ ಹೇಳುತ್ತಿದ್ದರು.

ಪಂಕ್ಚರ್ ಆಗಿದ್ದು ನಿಮ್ಮ ತಪ್ಪು ಹೇಗಾಯಿತು ಎಂದು ಬಹಳ ವರ್ಷಗಳ ಮೇಲೆ ಕೇಳಿದೆ. ಅಷ್ಟರಲ್ಲಿ ಅವರು ನಮ್ಮ ಎದುರು ಮನೆಯವರಾಗಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗೆವ್ವ ಎನ್ನುತ್ತಿದ್ದರು. “ಬೈಯಾಕ ಬಂದಾಂವ ನಿಂತಿರ್ತಾನ ತಂಗೆವ್ವ. ತಪ್ಪು ನಂದು ಅಂದ್ರ ಎತ್ತಿದ ಕೈ ಇಳೀತೈತಿ. ಕೈ ಇಳದಾಂವ ಕುಂದರ್ತಾನ. ಕುಂತಾಂವ ಬೈಯಾಂಗಿಲ್ಲ,” ಎಂದರು. ಬಸ್ಸು ತಡವಾದರೆ, ಡ್ರೈವರ್ ಬಾರದಿದ್ದರೆ, ಯಾರದೋ ಗಂಟು ಕಳೆದರೆ, ಕಡೆಗೆ ಮಳೆ ಬಾರದಿದ್ದರೂ ಜನ ಅವರ ಖೋಲಿಯೊಳಗೆ ಹಣಿಕಿ “ಮಾಳಪ್ಪಾ, ಇದೂ ನಿಂದಽ ಏನ್ ಮತ್ತ?” ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ಹೌದೆಂದು ಗೋಣು ಹಾಕುತ್ತಿದ್ದರು. ವಕೀಲರಾದ ನನ್ನ ಯಜಮಾನರಿಗೆ ಅವರೆಂದರೆ ನಗು. ಇಂಥ ಕಕ್ಷಿದಾರ ಸಿಕ್ಕರೆ ನನ್ನ ಕರೀ ಕೋಟು ಮಾರಬೇಕಾಗುತ್ತದೆ ಎನ್ನುತ್ತಿದ್ದರು.

ನಮ್ಮ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಪಾಪನಿವೇದನೆಗೆಂದು ಸಾಲು ನಿಲ್ಲುತ್ತಿದ್ದರು. ನಾವು ಉಳಿದವರು ಹೊರಗೆ ಲಗೋರಿ ಆಡುತ್ತಿದ್ದೆವು. ತಂಗಿಯ ಪಾಪವನ್ನೂ ನಾನೇ ಹೇಳಿ ಮುಗಿಸಲೇ ಎಂದು ಗೆಳತಿಯೊಬ್ಬಳು ಕೇಳಿದ್ದಕ್ಕೆ ಸಿಸ್ಟರ್, ಇಲ್ಲಿ ತನ್ನದನ್ನು ಮಾತ್ರ ಹೇಳಬೇಕು ಎಂದು ಗದರಿಸಿದ್ದು ನೆನಪಿದೆ. ಮಾಳಪ್ಪ ಕಾಕಾ ಆ ಸಾಲಿನಲ್ಲಿ ನಿಂತಿದ್ದರೆ ಊರಿನವರ ಸರದಿಯೆಲ್ಲ ಮುಗಿದ ಮೇಲೂ ಅವರ ಮಾತು ಮುಗಿಯುತ್ತಿರಲಿಲ್ಲ.

ಅವರ ಹೆಂಡತಿ ನೀಲವ್ವ ಕಾಕು ಈ ಗುಣವನ್ನು ಹೊಗಳಿದ್ದು ನಾನು ಕೇಳಿಲ್ಲ. ಇಳಕಲ್ಲಿನ ಕಡೆಯ ಬಸ್ಸು ತಪ್ಪಿಸಿಕೊಂಡವರು ಯಾರಿದ್ದರೂ, ಅದು ತಮ್ಮದೇ ತಪ್ಪೆಂದು ಕಾಕಾ ಮನೆಗೆ ಕರೆದುಕೊಂಡು ಬರುತ್ತಿದ್ದರು. “ಊರಾನ ತಪ್ಪೆಲ್ಲಾ ತಂದು ನನ್ನ ಅಡಗಿ ಮನ್ಯಾಗ ಇಳಸ್ತಾರವ್ವಾ,” ಎಂದು ಕಾಕು ನನ್ನೆದುರು ಗೊಣಗುತ್ತ ಮತ್ತೆ ಒಲೆ ಹೊತ್ತಿಸುತ್ತಿದ್ದರು. ಆಕೆಯ ಎಣ್ಣೆಗಾಯಿಯ ವಾಸನೆ ಬಂದರೆ ನಮ್ಮ ಓಣಿಯ ಮಕ್ಕಳು ಆಟ ಬಿಟ್ಟು ನಿಲ್ಲುತ್ತಿದ್ದವು. ಎಳೆಯ ಮುಳಗಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳಿ, ಶೇಂಗಾ, ಗುರೆಳ್ಳು, ಹುಣಸೆಹುಳಿ, ಬೆಲ್ಲ ಅರೆದು ತುಂಬುತ್ತಿದ್ದರು. ಬದನೆಕಾಯಿಗೆ ಆ ಕಡೆ ಮುಳಗಾಯಿ ಎನ್ನುತ್ತಾರೆ. ಸದಾ ಕಾಕುವಿನ ಬೆರಳುಗಳಿಗೆ ಹುರಿದ ಗುರೆಳ್ಳಿನ ವಾಸನೆ ಇರುತ್ತಿತ್ತು.

ಅವರಿಗೆ ಮಕ್ಕಳಿರಲಿಲ್ಲ. ಒಮ್ಮೆ ಕಟ್ಟೆಯ ಮೇಲೆ ಹೆಂಗಸರು ಕುಳಿತಾಗ ಹೊಸದಾಗಿ ಬಂದ ಒಬ್ಬಾಕೆ ಕಾಕುವನ್ನು ಆ ಮಾತು ಕೇಳಿಯೇಬಿಟ್ಟಳು. ಕಾಕು ಮಡಿಲಲ್ಲಿದ್ದ ಅವರೆಕಾಯಿಯನ್ನು ಸುಲಿಯುತ್ತಲೇ ಇದ್ದರು. ಒಳಗೆ ದಾಡಿ ಮಾಡಿಕೊಳ್ಳುತ್ತಿದ್ದ ಕಾಕಾ ಅರ್ಧ ಕೆನ್ನೆಗೆ ಸಾಬೂನು ಹಚ್ಚಿಕೊಂಡೇ ಬಾಗಿಲಿಗೆ ಬಂದು, “ಅದು ನಂದು ತಪ್ಪೈತ್ರವ್ವಾ. ಆಕೀನ್ನ ಕೇಳಬ್ಯಾಡ್ರಿ,” ಎಂದು ಹೇಳಿ ಒಳಗೆ ಹೋದರು. ಗಂಡಸೊಬ್ಬ ಹಾಗೆ ಹೇಳಿದ್ದನ್ನು ನಮ್ಮ ಓಣಿ ಅದಕ್ಕೆ ಮುಂಚೆ ಕೇಳಿರಲಿಲ್ಲ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಅಂದಿನಿಂದ ಯಾರೂ ಕಾಕುವನ್ನು ಕೇಳಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕಾಕಾ ರಿಟೈರ್ ಆಗಿದ್ದರು. ಸೊಂಟದಲ್ಲಿ ನೋವು, ಮೂತ್ರಕ್ಕೆ ಕುಳಿತರೆ ತ್ರಾಸು. ಬಸ್ಸಿನ ಜಗ್ಗಾಟದಲ್ಲಿ ಬದುಕಿದ ಎಲುಬು, ನೋಯದೆ ಇನ್ನೇನು ಮಾಡೀತು ಎಂದು ಬಹಳ ದಿನ ತಳ್ಳಿದರು. ಕಡೆಗೆ ಬೆಳಗಾವಿಯ ದೊಡ್ಡ ದವಾಖಾನೆಗೆ ಹೋದಾಗ, ಮೂತ್ರಕೋಶದ ಬುಡದಲ್ಲಿ ಗಂಡಸರಿಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟಿ ಎಲುಬಿಗೂ ಹರಡಿದೆ ಎಂದರು. ಗಂಡಸರ ಮೈಯಲ್ಲಿ ಹುಟ್ಟುವ ಹಾರ್ಮೋನನ್ನು ನಿಲ್ಲಿಸಿದರೆ ಅದು ಕುಗ್ಗುತ್ತದೆ. ಅದಕ್ಕೆ ಒಂದು ಆಪರೇಶನ್ನು. ಯಾವ ಆಪರೇಶನ್ನೆಂದು ನನ್ನ ಯಜಮಾನರು ನನಗೆ ಹೇಳುವಾಗ ಗೋಡೆ ನೋಡುತ್ತಿದ್ದರು. ಕಾಕಾ ಮಾತ್ರ ವಾಪಸು ಬಂದು, “ವಯಸ್ಸಿಗೆ ಬಂದ ಹೋರಿಗೆ ಮಾಡ್ತಾರಲ್ಲ, ಅದು,” ಎಂದು ಯಜಮಾನರಿಗೆ ಒಮ್ಮೆ ಹೇಳಿದರಂತೆ. ಮತ್ತೆ ಆ ಮಾತೆತ್ತಲಿಲ್ಲ. ಆಮೇಲೆ ಅವರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಕಾವು ಏರಿ ಮುಖ ಕೆಂಪಾಗಿ ಬೆವರುತ್ತಿತ್ತು. ನಮ್ಮಂಥ ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲಕ್ಕೆ ಆಗುವ ಹಾಗೆ. ಕಾಕು ಬೀಸಣಿಕೆ ತಂದು ಪಕ್ಕದಲ್ಲಿಡುತ್ತಿದ್ದರು.

ಆಗ ಪಿ.ಎಸ್.ಎ. ಎಂಬ ರಕ್ತದ ಪರೀಕ್ಷೆ ಹೊಸದು. ಬೆಳಗಾವಿಯಲ್ಲಿ ರಕ್ತ ತೆಗೆದು ಮುಂಬಯಿಗೆ ಕಳಿಸುತ್ತಿದ್ದರು. ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು, ಓದುವ ಕೆಲಸ ನನ್ನದು. ಆ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪದಾರ್ಥವನ್ನು ಅಳೆಯುವ ಪರೀಕ್ಷೆ ಅದು, ರೋಗ ಹೆಚ್ಚಿದ್ದರೆ ಅಂಕಿ ಹೆಚ್ಚು ಎಂದು ನಾನು ತಿಳಿದಷ್ಟು ಹೇಳಿದೆ. ಕಾಕಾ ತಮ್ಮದೇ ಅರ್ಥ ಮಾಡಿಕೊಂಡರು. “ಪೀ ಅಂದ್ರ ಪ್ಯಾಸೆಂಜರ್ ಇರಬೇಕು,” ಎಂದರು. ಮೊದಲ ಅಂಕಿ ಇನ್ನೂರರ ಮೇಲಿತ್ತು. “ಅಬಬಾ, ಟಾಪ್ ಮ್ಯಾಲೂ ಕುಂತಾರ,” ಎಂದು ನಕ್ಕರು. ಆಪರೇಶನ್ನಿನ ಕೆಲವು ತಿಂಗಳ ಮೇಲೆ ಹದಿನೆಂಟಾಯಿತು. ಅದರ ಮುಂದಿನ ಸಲ ನಾಲ್ಕು. ಬಾಗಿಲಿನಿಂದಲೇ ಕೇಳುತ್ತಿದ್ದರು: “ಎಷ್ಟ್ ಮಂದಿ ಇಳದ್ರು ತಂಗೆವ್ವ?” ನಾಲ್ಕೇ ಉಳಿದಿದ್ದಾರೆ ಎಂದ ದಿನ ಬೀದಿಗೆ ಬಂದು ಎಡಗಿವಿ ಮುಚ್ಚಿಕೊಂಡು ಹಳೆಯ ದನಿ ತೆಗೆದರು. ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಸೊಂಟದ ನೋವೂ ಹೋಗಿತ್ತು.

ಅಂಕಿ ಇಳಿದರೆ ಚಿಕಿತ್ಸೆ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ, ಬೇರು ಹೋಗಿದೆ ಎಂದಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ಅದನ್ನೂ ಹೇಳಿದೆ. “ಖಾಲಿ ಬಸ್ ಅಂತ ನಾನೂ ಅಂದಿಲ್ಲ. ಸೀಟ್ ಸಿಕ್ಕಾವಲ್ಲ, ಸಾಕು,” ಎಂದರು ಕಾಕಾ.

ಎಲ್ಲ ಕೆಟ್ಟದ್ದು ಒಂದು ಶಬ್ದದಿಂದ. ಡಾಕ್ಟರು ಬೆಳಗಾವಿಯ ಮರಾಠಿ ಮನುಷ್ಯ, ಕನ್ನಡ ಕಷ್ಟಪಟ್ಟು ಆಡುತ್ತಿದ್ದರಂತೆ. ಹಾರ್ಮೋನು ಎಂದರೆ ಇವರಿಗೆ ತಿಳಿಯಲಿಕ್ಕಿಲ್ಲ ಎಂದು, “ಗಡ್ಡಿಗೆ ಊಟ ಬಂದ್ ಮಾಡೀವಿ, ಅದು ಉಪವಾಸ ಬಿದ್ದು ಒಣಗ್ತದ,” ಎಂದಿದ್ದರು. ಕಾಕಾ ಬಂದು ಆ ಮಾತನ್ನು ಹಾಗೆಯೇ ಕಾಕುವಿಗೆ ಒಪ್ಪಿಸಿದರು. ಅದಲ್ಲದೆ, ಪಥ್ಯ ಏನು ಎಂದು ಕೇಳಿದ್ದಕ್ಕೆ ಡಾಕ್ಟರು ಏನೂ ಇಲ್ಲ ಎಂದಿದ್ದು ಕಾಕುವಿಗೆ ಮೊದಲೇ ನಂಬಿಕೆಯಾಗಿರಲಿಲ್ಲ. ಪಥ್ಯವಿಲ್ಲದ ಔಷಧ ಯಾವ ಔಷಧ? ಗಡ್ಡೆಯ ಊಟ ನಿಲ್ಲಿಸುವುದೆಂದರೆ ಗಡ್ಡೆ ಉಣ್ಣುವಂಥದ್ದನ್ನು ಮನೆಯಲ್ಲಿ ಮಾಡಬಾರದು. ಅದು ಯಾವುದೆಂದು ನಮ್ಮ ಕಡೆ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಗಾಯವನ್ನು ಕೆರಳಿಸುವ, ಬಾವು ತರುವ ನಂಜಿನ ಪದಾರ್ಥಗಳು: ಮುಳಗಾಯಿ, ಶೇಂಗಾ, ಹುಣಸೆಹಣ್ಣು. ಆಕೆಯ ಎಣ್ಣೆಗಾಯಿಯಲ್ಲಿ ಮೂರೂ ಇದ್ದವು. ಕಾಕು ಶೇಂಗಾದ ಡಬ್ಬಿ ತಂದು ನಮ್ಮ ಮನೆಯಲ್ಲಿಟ್ಟು ಹೋದರು. ಕಾಕಾ ಬೇಳೆಕಟ್ಟು, ಅನ್ನ, ಬಿಳಿ ಜೋಳದ ರೊಟ್ಟಿ ತಿನ್ನುತ್ತ, ಅಂಕಿ ಇಳಿಯುತ್ತಿದ್ದುದಕ್ಕೆ ಆಪರೇಶನ್ನಿನ ಜೊತೆಗೆ ಹೆಂಡತಿಯ ಅಡಿಗೆಮನೆಯನ್ನೂ ಹೊಗಳುತ್ತಿದ್ದರು. ಅಂಕಿ ಇಳಿಯುವಾಗ ಈ ತಿಳಿವಳಿಕೆ ಯಾರಿಗೂ ಭಾರವಾಗಿರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಬೆಳೆಗೆ ಎಡೆಯಾಗಿ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುವ ಹಬ್ಬ. ನಮ್ಮ ಹೊಲದಿಂದ ಎಳೆ ಮುಳಗಾಯಿ ಬಂದಿದ್ದವು; ಬುಟ್ಟಿಯ ತುಂಬ ಇದ್ದವೆಂದು ಒಂದಿಷ್ಟನ್ನು ಎದುರು ಮನೆಗೂ ಕಳಿಸಿದೆ. ಬೆಳಕಿಗೆ ಹಿಡಿದರೆ ನೀಲಿಯಾಗಿ ಹೊಳೆಯುವಂಥವು. ಅಂದು ಕಾಕುವಿಗೆ ತಡೆಯಲಾಗಲಿಲ್ಲ. ನಾಲ್ಕಕ್ಕೆ ಇಳಿದಿದೆಯಲ್ಲ, ವರ್ಷದ ಹಬ್ಬ, ಒಂದು ದಿನಕ್ಕೆ ಏನಾದೀತು? ಎಣ್ಣೆಗಾಯಿ ಮಾಡಿ ಸಜ್ಜೆ ರೊಟ್ಟಿಯ ಮೇಲಿಟ್ಟು ಕೊಟ್ಟರು. ಕಾಕಾ ತಟ್ಟೆಯನ್ನು ಬೆರಳಿನಿಂದ ಒರೆಸಿ ತಿಂದದ್ದನ್ನು ನಮ್ಮ ಮನೆಯ ಕಿಟಕಿಯಿಂದ ನಾನೂ ನೋಡಿದೆ.

ಮುಂದಿನ ಸಲ ಅಂಕಿ ಒಂಬತ್ತು.

ಒಂದು ಅಂಕಿಯಿಂದ ಹೆದರಬೇಕಾಗಿಲ್ಲ, ಮತ್ತೊಮ್ಮೆ ಅದೇ ಪ್ರಯೋಗಶಾಲೆಯಲ್ಲಿ ನೋಡೋಣ, ಸಾಲಾಗಿ ಏರುತ್ತದೆಯೋ ಎಂಬುದು ಮುಖ್ಯ ಎಂದು ಡಾಕ್ಟರು ಬರೆದಿದ್ದರು. ನಾನು ಓದಿ ಹೇಳುತ್ತಿದ್ದರೆ ಕಾಕುವಿನ ಮುಖದಿಂದ ರಕ್ತವೆಲ್ಲ ಇಳಿದುಹೋದದ್ದು ಕಾಣಿಸಿತು. ಕಾಕಾ ಕೂಡಲೇ ತೊಡೆ ತಟ್ಟಿಕೊಂಡರು. “ತಪ್ಪು ನಂದು. ಸ್ಟ್ಯಾಂಡಿಗೆ ಹೋದಾಗ ಮಿರ್ಚಿ ಭಜಿ ತಿಂದೀನಿ. ಕೈ ಮಾಡಿದಲ್ಲಿ ಬಸ್ ನಿಲ್ಲಿಸಿದ್ರ ಹತ್ತಲಾರದ ಬಿಡ್ತಾರ? ಹತ್ಯಾರ ನೋಡು ಐದು ಮಂದಿ.” ಕಾಕು ಒಳಗೆ ಹೋದರು.

ಪಥ್ಯ ಬಿಗಿಯಾಯಿತು. ಒಗ್ಗರಣೆಯೂ ಹೋಯಿತು. ಕಾಕಾ ಎಲ್ಲವನ್ನೂ ತಲೆತಗ್ಗಿಸಿ ತಿಂದರು. ಆದರೂ ಅಂಕಿ ಮೂವತ್ತೊಂದಾಯಿತು. ಸೊಂಟದ ನೋವು ತಿರುಗಿ ಬಂತು. ಈ ಸಲ ಹೇಳಿಕೊಳ್ಳಲಿಕ್ಕೆ ಅವರಿಗೆ ತಪ್ಪೇ ಸಿಗಲೊಲ್ಲದು. ಬಹಳ ಹೊತ್ತು ಯೋಚಿಸಿ, ನಮ್ಮ ಮನೆಯ ಪಡಸಾಲೆಯಲ್ಲಿ ಒಣಹಾಕಿದ್ದ ಶೇಂಗಾದಲ್ಲಿ ಒಂದು ಕಾಳು ಬಾಯಿಗೆ ಹಾಕಿಕೊಂಡಿದ್ದೆ ಎಂದರು. ಅಂಕಿ ದೊಡ್ಡದಾದಂತೆ ಅವರ ತಪ್ಪು ಸಣ್ಣದಾಗುತ್ತ ಬಂದಿತ್ತು. ನನಗೆ ನಗು ಬರಲಿಲ್ಲ. ಶೇಂಗಾ ನಮ್ಮದು. ಮುಳಗಾಯಿ ನಮ್ಮದು. ಅಂಕಿಗೂ ತಿಂದದ್ದಕ್ಕೂ ಸಂಬಂಧವಿಲ್ಲವೆಂದು ಇಂಗ್ಲಿಷಿನಲ್ಲಿ ನನಗೆ ಚೆನ್ನಾಗಿಯೇ ತಿಳಿದಿತ್ತು. ಕನ್ನಡದಲ್ಲಿ ಮಾತ್ರ ನಾನು ಅಂದು ಪಡಸಾಲೆಯ ಶೇಂಗಾವನ್ನು ಅಟ್ಟಕ್ಕೆ ಸಾಗಿಸಿದೆ.

ಕಾಕು ಇಲ್ಲದ ಹೊತ್ತು ನೋಡಿ ಕಾಕಾನಿಗೆ ಹೇಳಿದೆ. ನೀವು ಏನು ತಿಂದರೂ ಬಿಟ್ಟರೂ ಆ ಅಂಕಿಗೆ ಗೊತ್ತಾಗುವುದಿಲ್ಲ, ಸುಮ್ಮನೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ ಎಂದೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಬೀಸಣಿಕೆಯ ಅಂಚನ್ನು ಉಗುರಿನಿಂದ ಸವರುತ್ತ ಕುಳಿತರು.

“ಹಂಗನಬ್ಯಾಡ ತಂಗೆವ್ವ. ತಪ್ಪು ನಂದಿದ್ರ ತಿದ್ದಿಕೊಳ್ಳಾಕ ಬರ್ತೈತಿ. ಯಾರದೂ ತಪ್ಪಿಲ್ಲಂದ್ರ ಏನ್ ಮಾಡಬೇಕು ಹೇಳು?”

ಜೀವಮಾನವೆಲ್ಲ ಬೇರೆಯವರ ಸಿಟ್ಟು ಇಳಿಸಲಿಕ್ಕೆ ಆಡಿದ ಮಾತನ್ನು ಈಗ ತಮ್ಮ ಜೀವಕ್ಕೆ ಕೋಲಾಗಿ ಹಿಡಿದುಕೊಂಡಿದ್ದರು. ಅದನ್ನು ಕಸಿದುಕೊಳ್ಳಲು ಹೋದೆನಲ್ಲ ಎಂದು ನಾಚಿಕೆಯಾಯಿತು. ಎದ್ದು ಬಂದೆ.

ಆಮೇಲೊಂದು ಮುಂಜಾನೆ ನಳದ ಹತ್ತಿರ ಕಾಕು ಸಿಕ್ಕರು. ಕೊಡ ತುಂಬಿ ಹರಿಯುತ್ತಿದ್ದರೂ ಎತ್ತಲಿಲ್ಲ. ಕೈಯ ಬಳೆಗಳು ಮೊಣಕೈವರೆಗೆ ಸರಿಯುವಷ್ಟು ಬಡವಾಗಿದ್ದರು. ಏನು ಕಾಕು, ಉಣ್ಣುತ್ತಿಲ್ಲವೇ ಎಂದು ಕೇಳಿದ್ದಕ್ಕೆ ಸುತ್ತಲೂ ನೋಡಿ ಸಣ್ಣಗೆ ಹೇಳಿದರು: “ಅವರು ಭಜಿ ತಿಂದಿಲ್ಲವ್ವಾ. ಸುಳ್ಳು ಹೇಳ್ತಾರ. ನಾನಽ ಅಮಾಸಿ ದಿನ ಉಣ್ಣಾಕ ಹಾಕೀನಿ. ಗಡ್ಡಿಗೆ ಊಟ ಹಾಕಿದಾಕಿ ನಾನು.” ಅಂಕಿ ಒಂಬತ್ತೆಂದು ಕೇಳಿದ ದಿನದಿಂದ ಆಕೆ ರಾತ್ರಿಯ ಊಟ ಬಿಟ್ಟಿದ್ದರು. ಬನಶಂಕರಮ್ಮನಿಗೆ ಹರಕೆ ಹೊತ್ತು, ಚೊಳಚಗುಡ್ಡದಿಂದ ಗುಡಿಯವರೆಗೆ ಬರಿಗಾಲಲ್ಲಿ ಯಾರಿಗೂ ಹೇಳದೆ ಹೋಗಿ ಬಂದಿದ್ದರು. ಅವರು ಹೋದರೆ ನಾನೇ ಕೊಂದ ಹಾಗೆ ಎಂದು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದರು. ಮುಳಗಾಯಿ ಎಲ್ಲಿಂದ ಬಂದಿತ್ತೆಂದು ಆಕೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಇದನ್ನು ಕಾಕಾನಿಗೆ ಹೇಳಬೇಕೋ ಬಾರದೋ ಎಂದು ನನ್ನ ಯಜಮಾನರನ್ನು ಕೇಳಿದೆ. ಒಂದು ತಪ್ಪಿಗೆ ಇಬ್ಬರು ಒಪ್ಪಿಕೊಂಡವರಿದ್ದರೆ ಇಬ್ಬರನ್ನೂ ಎದುರಾಬದುರು ನಿಲ್ಲಿಸುವುದೇ ಒಳ್ಳೆಯದು ಎಂದರು ಅವರು. ನಾನು ಕಾಕುವಿನ ಮಾತನ್ನು ಇದ್ದಂತೆ ಹೇಳಿದೆ. ಕಾಕಾ ನನ್ನನ್ನು ನೋಡಲಿಲ್ಲ. ರೋಗದ ಹೆಸರು ಕೇಳಿದ ದಿನವೂ ಅವರು ಅಷ್ಟು ಕಳೆಗುಂದಿರಲಿಲ್ಲ. ಭಜಿಯ ಸುಳ್ಳು ಸಾಕು, ಆಕೆಯ ಮೇಲಿನ ಭಾರವೆಲ್ಲ ತಮ್ಮ ಕಡೆ ಬಂತು ಎಂದು ತಿಳಿದಿದ್ದರು. ಮುಂದಿನ ಸಲ ಬೆಳಗಾವಿಗೆ ನೀನೂ ನಮ್ಮ ಜೊತೆ ಬರಬೇಕು, ಆಕೆಯ ಮುಂದೆಯೇ ಡಾಕ್ಟರನ್ನು ಕೇಳಬೇಕು ಎಂದರು. “ಕೇಳಿದ್ರ ನಿಮಗ ತಿದ್ದಿಕೊಳ್ಳಾಕ ಏನೂ ಉಳಿಯಾಂಗಿಲ್ಲ ಕಾಕಾ,” ಎಂದು ನಾನು ಅವರ ಮಾತನ್ನೇ ನೆನಪಿಸಿದೆ. “ನಂದು ಇರ್ಲಿ,” ಎಂದರು.

ಬೆಳಗಾವಿಯಲ್ಲಿ ಡಾಕ್ಟರ ಮೇಜಿನ ಎದುರು ಕಾಕು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ನಾನು ಇಂಗ್ಲಿಷಿನಲ್ಲಿ ಕೇಳಿ, ಕನ್ನಡಕ್ಕೆ ತಿರುಗಿಸಿದೆ. ಡಾಕ್ಟರು ಮೊದಲು ನಕ್ಕರು. ಕಾಕುವಿನ ಮುಖ ನೋಡಿ ನಗು ನಿಲ್ಲಿಸಿದರು. ತಾವೇ ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟಿದೆಯೆಂದು ಅವರಿಗೆ ಆಗ ತಿಳಿಯಿತು. ಪೆನ್ನು ಕೆಳಗಿಟ್ಟು, ನಿಧಾನವಾಗಿ, ಆ ಊಟ ತಟ್ಟೆಯ ಊಟವಲ್ಲ, ಮೈಯೊಳಗೇ ಹುಟ್ಟುವ ರಸ, ಅದನ್ನು ನಾವು ನಿಲ್ಲಿಸಿದ್ದೆವು, ಬಹಳ ದಿನ ರೋಗ ಬಗ್ಗಿ ಕುಳಿತಿತ್ತು, ಈಗ ಅದು ಆ ರಸವಿಲ್ಲದೆಯೂ ಬದುಕುವುದನ್ನು ಕಲಿತಿದೆ ಎಂದರು. ಹೀಗೆ ಬಹಳ ಮಂದಿಗೆ ಆಗುತ್ತದೆ. ಅಂಕಿ ಇನ್ನು ಏರುತ್ತಲೇ ಹೋಗಬಹುದು. ತಿಂದದ್ದರಿಂದ ಅಲ್ಲ, ಬಿಟ್ಟದ್ದರಿಂದಲೂ ಅಲ್ಲ. ಇನ್ನು ನಮ್ಮ ಲಕ್ಷ್ಯ ಅಂಕಿಯ ಮೇಲೆ ಬೇಡ, ನೋವಿನ ಮೇಲೆ ಇರಲಿ. ನೋವಿಗೆ ನಮ್ಮಲ್ಲಿ ಔಷಧವಿದೆ.

“ಮುಳಗಾಯಿ?” ಎಂದು ಕೇಳಿದರು ಕಾಕು.

“ತಿನ್ನಿಸ್ರಿ ತಾಯಿ,” ಎಂದರು ಡಾಕ್ಟರು.

ಬಸ್ಸಿನಲ್ಲಿ ಮರಳುವಾಗ ಕಾಕಾ ಕಣ್ಣು ಮುಚ್ಚಿಕೊಂಡಿದ್ದರು. ಮಲಗಿರಲಿಲ್ಲ, ಪ್ರತಿ ಸ್ಟಾಪಿನ ಹೆಸರು ತುಟಿಯ ಮೇಲೆ ಬಂದು ಹೋಗುತ್ತಿತ್ತು. ಕಾಕು ನನ್ನ ಕಿವಿಯ ಹತ್ತಿರ ಬಂದು, ದೊಡ್ಡ ಡಾಕ್ಟರು ಒಳ್ಳೆಯವರವ್ವಾ, ಮುದುಕಿ ಅಳಬಾರದೆಂದು ಹಾಗೆ ಹೇಳಿದರು ಎಂದರು. ನಾನು ಎಷ್ಟು ಹೇಳಿದರೂ ಅಷ್ಟೇ. ವಿದ್ಯೆಯ ಮಾತು ಆಕೆಗೆ ಸಮಾಧಾನದ ಮಾತಾಗಿ ಕೇಳಿಸುತ್ತಿತ್ತು. ಅದನ್ನು ಕಾಕಾನೂ ಕೇಳಿಸಿಕೊಂಡಿರಬೇಕು.

ಮರುದಿನ ಅವರು ತಾವೇ ಸಂತೆಗೆ ಹೋಗಿ ಮುಳಗಾಯಿ ತಂದರು. ಕಾಕು ಮುಟ್ಟಲಿಲ್ಲ. ಕಾಕಾ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಈಳಿಗೆಯಲ್ಲಿ ಅಡ್ಡಾದಿಡ್ಡಿ ಹೆಚ್ಚತೊಡಗಿದರು. ತೊಟ್ಟೇ ಹೋಗುವಂತೆ ಹೆಚ್ಚುವುದನ್ನು ನೋಡಲಾರದೆ ಕಾಕು ಕಸಿದುಕೊಂಡರಂತೆ. ನಮ್ಮ ಮನೆಯಲ್ಲಿಟ್ಟಿದ್ದ ಶೇಂಗಾದ ಡಬ್ಬಿಯನ್ನು ಕಾಕಾ ಬಂದು ಒಯ್ದರು. ಆಮೇಲೆ ದಿನಾ ಎಣ್ಣೆಗಾಯಿ, ಇಲ್ಲವಾದರೆ ಶೇಂಗಾ ಚಟ್ನಿಪುಡಿ, ಹುಣಸೆಹಣ್ಣಿನ ಸಾರು. ಮೊದಮೊದಲು ಬಡಿಸುವಾಗ ಕಾಕುವಿನ ಸೌಟು ತಟ್ಟೆಗೆ ತಾಗಿ ಸದ್ದಾಗುತ್ತಿತ್ತು. ಕಾಕಾ ಆಕೆಯ ಮುಖ ನೋಡಿಕೊಂಡೇ ತಿನ್ನುತ್ತಿದ್ದರು, ಮತ್ತೆ ಬೇಕೆಂದು ತಟ್ಟೆ ಚಾಚುತ್ತಿದ್ದರು, ಪಕ್ಕದಲ್ಲಿ ಕುಳಿತು ನೀನೂ ಉಣ್ಣು ಎಂದು ಕಾಡುತ್ತಿದ್ದರು.

ರಕ್ತ ಕೊಡುವ ತಿಂಗಳು ಬಂತು. ಬೆಳಗಾವಿಗೆ ಯಾವಾಗ ಹೋಗುವುದು ಎಂದು ಕೇಳಲು ಹೋದೆ. ಕಾಕಾ ನನ್ನನ್ನು ಓಣಿಯ ತುದಿಯ ಬೇವಿನ ಗಿಡದವರೆಗೆ ಕರೆದುಕೊಂಡು ಹೋದರು. ಅಷ್ಟು ದೂರಕ್ಕೇ ಎರಡು ಸಲ ನಿಂತರು.

“ಇನ್ನ ರಕ್ತಾ ಕೊಡಾಂಗಿಲ್ಲ ತಂಗೆವ್ವ. ಡಾಕ್ಟರ್ ಹೇಳ್ಯಾರಲ್ಲ, ನಂಬರ್ ಏರೇ ಏರ್ತೈತಿ ಅಂತ. ಏರಿದ್ದನ್ನ ನೀ ಓದಿ ಹೇಳತಿ. ಆಕಿ ಏನ್ ತಿಳ್ಕೋತಾಳ? ದಿನಾ ಮುಳಗಾಯಿ ಹಾಕಿದೆ, ಏರಿತು ಅಂತಾಳ. ನಂಬರ್ ಬರಲಿಲ್ಲಂದ್ರ ಆಕಿ ಮ್ಯಾಲ ತಪ್ಪು ಬರಾಂಗಿಲ್ಲ.”

ನೋವಿನ ಗುಳಿಗೆ ಮಾತ್ರ ಬಿಡಬೇಡಿ ಎಂದೆ. ಅದನ್ನು ಬಿಡಲಿಲ್ಲ. ಅಂಕಿ ನೋಡದಿದ್ದರೂ ನೋಡಲೇಬೇಕಾದ್ದು ಕಾಣುತ್ತಲೇ ಇತ್ತು. ಕಟ್ಟೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಾಸಿಗೆಗೆ ಬಂದರು. ಆ ದನಿ ಗಂಟಲಿನೊಳಗೇ ಉಳಿಯಿತು. ಮುಂದಿನ ಎಳ್ಳ ಅಮಾವಾಸ್ಯೆ ಅವರಿಗೆ ಬರಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಕಾಕು ರೊಟ್ಟಿಯನ್ನು ಎಣ್ಣೆಗಾಯಿಯ ರಸದಲ್ಲಿ ನೆನೆಸಿ ಬಾಯಿಗಿಡುತ್ತಿದ್ದರು. ಎರಡು ತುತ್ತಿಗೇ ಸಾಕೆಂದು ಕೈ ಅಡ್ಡ ಮಾಡಿದರು. ಕಾಕು ಸೆರಗಿನಿಂದ ಅವರ ತುಟಿ ಒರೆಸಿ, ಹೆಚ್ಚು ಖಾರವಾಯಿತೇ, ತಪ್ಪಾಯಿತು ಎಂದರು. ಕಾಕಾ ಆಕೆಯ ಮಣಿಕಟ್ಟು ಹಿಡಿದುಕೊಂಡರು. ನಾನು ಹೊರಗೆ ಹೋಗಲು ಎದ್ದೆ. ಇರು ಎಂದು ಕಣ್ಣಲ್ಲೇ ಹೇಳಿದರು. ಸಾಕ್ಷಿಗೆ ಒಬ್ಬರು ಬೇಕಿತ್ತೆಂದು ಕಾಣುತ್ತದೆ.

“ನೀಲವ್ವಾ, ಕೇಳಿಲ್ಲಿ. ಇಷ್ಟ್ ದಿನಾ ಕಂಡ ಕಂಡದ್ದಕ್ಕೆಲ್ಲಾ ತಪ್ಪು ನಂದು ಅಂದೀನಿ. ಇದು ನಂದಲ್ಲ.” ಉಸಿರು ತೆಗೆದುಕೊಂಡರು. “ನಂದಽ ಅಲ್ಲಂದ ಮ್ಯಾಲ ನಿಂದು ಹೆಂಗಾಗ್ತೈತಿ?”

ಡಾಕ್ಟರು ಹೇಳಿದ್ದು, ನಾನು ತಿರುತಿರುಗಿ ಹೇಳಿದ್ದು, ಯಾವುದೂ ಹೊಗದ ಜಾಗಕ್ಕೆ ಆ ಮಾತು ಹೋಯಿತು. ಪಂಕ್ಚರಿಗೂ ಬರಗಾಲಕ್ಕೂ ಕಟ್ಟದ ತೊಟ್ಟಿಲಿಗೂ ನಂದು ಎಂದಿದ್ದ ಮನುಷ್ಯ ಒಂದೇ ಒಂದನ್ನು ನಂದಲ್ಲ ಎಂದಿದ್ದರು. ಕಾಕು ತಟ್ಟೆಯಲ್ಲಿ ಉಳಿದಿದ್ದನ್ನು ತಾವೇ ಎತ್ತಿ ಉಂಡರು.

ಅವರು ತೀರಿಕೊಂಡ ಮೂರನೆಯ ದಿನ ಓಣಿಯ ಹೆಂಗಸರು ಮಾತಾಡಿಸಲು ಬಂದು ಪಡಸಾಲೆಯ ತುಂಬ ಕುಳಿತಿದ್ದರು. ನಾನು ಕಾಕುವಿನ ಪಕ್ಕದಲ್ಲಿದ್ದೆ. ಎಲ್ಲರೂ ಅತ್ತು ಮುಗಿದ ಮೇಲೆ ಬರುವ ಆ ಮಾತು ಬಂತು. ಸತ್ತವರ ಮನೆಯಲ್ಲಿ ನಮ್ಮ ಕಡೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

“ಆಪರೇಶನ್ ಆದ ಮೈ. ನಂಜಿಂದು ಏನರೆ ತಿಂದಿದ್ರೇನ ಯವ್ವಾ?”

ಬೆಳಗಾವಿಯ ಡಾಕ್ಟರ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬಾಯಿ ತೆರೆದೆ. ಕಾಕು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಸುಮ್ಮನಿರಿಸಿದರು.

“ಹೂನವ್ವಾ, ಎಲ್ಲಾ ತಿಂದಾರ,” ಎಂದರು. “ಮುಳಗಾಯಿ, ಶೇಂಗಾ, ಹುಳಿ, ಎಲ್ಲಾ. ನಾನಽ ಮಾಡಿ ಹಾಕೀನಿ. ಭಾಳ ರುಚಿ ಹಿಡದು ತಿಂದ್ರು.”